ನಾಯಿಗೆ ಎಂಟಾಣೆ: 1832ರ ಬೊಂಬಾಯಿ ಗಲಭೆಯ ಒಂದು ಪ್ರಕರಣ

ಒಂದು ನಾಯಿ ಕೊಂದರೆ ಎಂಟಾಣೆ. 1832ರ ಬೇಸಿಗೆಯಲ್ಲಿ ಬೊಂಬಾಯಿಯ ಆಡಳಿತ ಬೀದಿನಾಯಿಗೆ ಕಟ್ಟಿದ್ದ ಬೆಲೆ ಇದು. ಜೂನ್ 6ರಂದು ಈ ಎಂಟಾಣೆಯ ಕೆಲಸ ಮಾಡುತ್ತಿದ್ದ ಇಬ್ಬರು ಬಿಳಿಯ ಕಾನ್‌ಸ್ಟೇಬಲ್‌ಗಳ ಮೇಲೆ ಕೋಟೆಯೊಳಗಿನ ಜನ ಮುಗಿಬಿದ್ದರು. ಮಾರನೇ ದಿನ ಇಡೀ ಪೇಟೆ ಬಾಗಿಲು ಹಾಕಿತು. ಕೋಟೆಯ ಸೈನಿಕರಿಗೆ ಹೊರಟಿದ್ದ ಆಹಾರ ನಡುದಾರಿಯಲ್ಲೇ ಮಣ್ಣುಪಾಲಾಯಿತು. ಬಂದರಿನಲ್ಲಿ ನಿಂತಿದ್ದ ಹಡಗುಗಳಿಗೆ ಕುಡಿಯುವ ನೀರೂ ಹೋಗಲಿಲ್ಲ. ಕೊನೆಗೆ ಸೈನ್ಯ ಬೀದಿಗಿಳಿಯಬೇಕಾಯಿತು.

ಇತಿಹಾಸದ ಪುಸ್ತಕಗಳಲ್ಲಿ ಈ ಘಟನೆಗೆ ಹೆಚ್ಚೆಂದರೆ ಒಂದು ಪ್ಯಾರಾ ಸಿಗುತ್ತದೆ. "ಪಾರ್ಸಿಗಳಿಗೆ ನಾಯಿ ಪವಿತ್ರ, ಅದಕ್ಕೇ ಗಲಾಟೆ ಆಯಿತು" ಎಂದು ಮುಗಿಸಿಬಿಡುತ್ತಾರೆ. ಅದು ಸುಳ್ಳಲ್ಲ. ಆದರೆ ನಾಯಿ ಕೊಲ್ಲುವ ನಿಯಮ ಬೊಂಬಾಯಿಗೆ ಹೊಸದೇನೂ ಆಗಿರಲಿಲ್ಲ. 1813ರಿಂದಲೇ ಇತ್ತು. ಹತ್ತೊಂಬತ್ತು ವರ್ಷ ಸುಮ್ಮನಿದ್ದ ಜನ ಆ ವರ್ಷವೇ ಯಾಕೆ ಕೈ ಎತ್ತಿದರು? ನನ್ನನ್ನು ಈ ಪ್ರಕರಣಕ್ಕೆ ಎಳೆದದ್ದು ಈ ಪ್ರಶ್ನೆ. ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಆ ಎಂಟಾಣೆಯ ಹತ್ತಿರವೇ ಬಂದು ನಿಲ್ಲುತ್ತೇವೆ.

ಮೊದಲು ಊರನ್ನು ನೋಡೋಣ. ಇವತ್ತು ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಫೋರ್ಟ್ ಕಡೆ ನಡೆದರೆ ಅಲ್ಲಿ ಕೋಟೆ ಕಾಣುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಹೋಟೆಲು, ಕಚೇರಿ ಅಂತ ನಮ್ಮ ಕರಾವಳಿಯ ಎಷ್ಟೋ ಜನ ಈ ಫೋರ್ಟ್‌ನಲ್ಲೇ ಜೀವ ಸವೆಸಿದ್ದಾರೆ, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ್ದಾರೆ. 1832ರಲ್ಲಿ ಅಲ್ಲಿ ನಿಜವಾದ ಕೋಟೆಗೋಡೆ ಇತ್ತು, ಸುತ್ತ ಕಂದಕ ಇತ್ತು. ಅಪೋಲೋ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಅಂತ ಮೂರು ಬಾಗಿಲುಗಳಿದ್ದವು. ಗೋಡೆ ಕೆಡವಿದ್ದು 1860ರ ದಶಕದಲ್ಲಿ. ಕೋಟೆಯ ದಕ್ಷಿಣ ಭಾಗದಲ್ಲಿ ಇಂಗ್ಲಿಷರ ಮನೆ, ಕಚೇರಿಗಳು. ಉತ್ತರಕ್ಕೆ ಬಜಾರ್ ಗೇಟ್ ಕಡೆ ಪಾರ್ಸಿಗಳು, ಗುಜರಾತಿ ಬನಿಯಾಗಳು ಒತ್ತೊತ್ತಾಗಿ ಇದ್ದರು. 1733ರಲ್ಲಿ ಕಟ್ಟಿದ ಮಾಣೆಕ್‌ಜೀ ಸೇಠ್ ಅಗಿಯಾರಿ, ಅಂದರೆ ಪಾರ್ಸಿಗಳ ಬೆಂಕಿಯ ಗುಡಿ, ಇವತ್ತಿಗೂ ಆ ಬೀದಿಯಲ್ಲಿದೆ.

ಊರಿನ ಜನಸಂಖ್ಯೆ ಆಗಲೇ ಎರಡು ಲಕ್ಷ ದಾಟಿತ್ತು. ಹತ್ತಿ, ಅಫೀಮು ಹಡಗು ಹತ್ತುತ್ತಿದ್ದ ಕಾಲ. ಇವತ್ತಿನ ಹಾರ್ನಿಮನ್ ಸರ್ಕಲ್ ಇರುವ ಜಾಗ ಆಗ ಬಯಲು. ಅಲ್ಲಿ ಹತ್ತಿಯ ಬೇಲುಗಳು ಗುಡ್ಡದಂತೆ ಬಿದ್ದಿರುತ್ತಿದ್ದವು. ಇಂಥ ಬಂದರಿನಲ್ಲಿ ಪೊಲೀಸರ ದಿನದ ಕೆಲಸ ಏನಿರುತ್ತದೆ ಹೇಳಿ? ಸರಕಿನ ಸಣ್ಣ ಕಳ್ಳತನ, ಕುಡಿದ ನಾವಿಕರ ಜಗಳ, ಜೂಜು, ಬೀದಿಗೆ ಅಡ್ಡ ನಿಂತ ಗಾಡಿ. ಇವನ್ನೆಲ್ಲ ವಿಚಾರಿಸಲು ಪೆಟಿ ಸೆಷನ್ಸ್ ಅನ್ನುವ ಸಣ್ಣ ಕೋರ್ಟು ಇತ್ತು. ದಂಡ, ಚಡಿಯೇಟು, ಜೈಲು ಅಲ್ಲಿನ ಶಿಕ್ಷೆಗಳು. 1812ರ ಕಾಯಿದೆಯಿಂದ ಬಂದ ವ್ಯವಸ್ಥೆ ಅದು. ಅದರ ಒಂದು ಲಕ್ಷಣ ಈ ಪ್ರಕರಣಕ್ಕೆ ಮುಖ್ಯ. ಪೊಲೀಸರ ಮೇಲ್ವಿಚಾರಣೆ ಮಾಡುವವರೂ ಮ್ಯಾಜಿಸ್ಟ್ರೇಟರೇ, ಸಣ್ಣ ಅಪರಾಧಗಳ ತೀರ್ಪು ಕೊಡುವವರೂ ಅವರೇ. ಪೊಲೀಸಿನವನು ನಿಮ್ಮ ಮನೆಯಲ್ಲಿ ಅತಿಯಾಗಿ ನಡೆದುಕೊಂಡರೆ ದೂರು ಒಯ್ಯಬೇಕಾದದ್ದು ಅವನ ಮೇಲಧಿಕಾರಿಯ ಹತ್ತಿರ. ಆ ಕುರ್ಚಿಯಲ್ಲಿ ಭಾರತೀಯ ಒಬ್ಬನೂ ಇರಲಿಲ್ಲ.

ಈಗ ನಾಯಿಯ ವಿಷಯಕ್ಕೆ ಬರೋಣ. ಸರಕಾರದ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಹುಚ್ಚುನಾಯಿ ಕಡಿತಕ್ಕೆ ಆಗ ಮದ್ದೇ ಇರಲಿಲ್ಲ. ಲೂಯಿ ಪಾಶ್ಚರ್ ಮೊದಲ ಸಲ ಮನುಷ್ಯನಿಗೆ ಲಸಿಕೆ ಕೊಟ್ಟದ್ದು 1885ರಲ್ಲಿ. ನಮ್ಮ ದೇಶದಲ್ಲಿ ಕಸೌಲಿಯ ಪಾಶ್ಚರ್ ಸಂಸ್ಥೆ ಶುರುವಾದದ್ದು 1900ರಲ್ಲಿ, ನಮಗೆ ಹತ್ತಿರದ ಕೂನೂರಿನದು 1907ರಲ್ಲಿ. ಅದಕ್ಕೂ ಮೊದಲು ರೋಗ ಕಾಣಿಸಿಕೊಂಡಿತೆಂದರೆ ಸಾವೇ. ನೀರು ಕಂಡರೆ ಗಂಟಲು ಹಿಡಿದುಕೊಳ್ಳುವ ಮನುಷ್ಯನನ್ನು ಮನೆಯವರು ಕೈಕಟ್ಟಿ ನೋಡುತ್ತಾ ಕೂರಬೇಕಿತ್ತು. ಈ ಭಯ ಇಂಗ್ಲಿಷರಿಗೆ ಮಾತ್ರ ಇತ್ತು ಅಂದುಕೊಳ್ಳಬೇಡಿ, ಎಲ್ಲರಿಗೂ ಇತ್ತು. ನಾಯಿಗಳನ್ನು ಕಡಿಮೆ ಮಾಡಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ.

1813ರ ನಿಯಮದಲ್ಲಿ ಒಂದು ಮಿತಿ ಇತ್ತು. ವರ್ಷದ ಕೆಲವು ಬಿಸಿಲಿನ ವಾರಗಳಲ್ಲಿ ಮಾತ್ರ ಬೀದಿನಾಯಿ ಕೊಲ್ಲಬಹುದಿತ್ತು. ಜನ ಅದಕ್ಕೆ ಹೇಗೋ ಹೊಂದಿಕೊಂಡಿದ್ದರು ಅನಿಸುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಗೊತ್ತಿದ್ದರೆ ನಾಯಿಯನ್ನು ಒಳಗೆ ಕಟ್ಟಿಹಾಕಬಹುದು, ಅಲ್ವಾ? 1832ರಲ್ಲಿ ಮ್ಯಾಜಿಸ್ಟ್ರೇಟರು ಆ ಅವಧಿಯನ್ನು ಉದ್ದ ಮಾಡಿದರು. ಜೂನ್ ಬಂದರೂ ಕೊಲ್ಲುವ ಕೆಲಸ ನಿಲ್ಲಲಿಲ್ಲ. ಅದರ ಜೊತೆಗೆ ನಾಯಿಗಿಷ್ಟು ಅಂತ ದುಡ್ಡು.

ಎಂಟಾಣೆ ಅಂದರೆ ಅರ್ಧ ರೂಪಾಯಿ. ಆಗಿನ ಕೂಲಿಯವನ ದಿನಗೂಲಿಗಿಂತ ಅದು ಎಷ್ಟೋ ಜಾಸ್ತಿ. ಈಗ ನೀವೇ ಆ ನಾಯಿ ಹೊಡೆಯುವವನ ಜಾಗದಲ್ಲಿ ನಿಂತು ನೋಡಿ. ಹುಚ್ಚುನಾಯಿ ಹುಡುಕಿಕೊಂಡು ಹೋಗುವುದು ಕಷ್ಟ, ಅಪಾಯ ಕೂಡ. ಅದು ಎಲ್ಲೋ ಸಂದಿಯಲ್ಲಿ ಅಡಗಿರುತ್ತದೆ, ಮೈಮೇಲೆ ಬೀಳುತ್ತದೆ. ಮನೆಯ ಜಗುಲಿ ಕೆಳಗೆ ಮಲಗಿರುವ, ಕರೆದರೆ ಬಾಲ ಆಡಿಸುತ್ತಾ ಬರುವ ಸಾಧು ನಾಯಿ ಸುಲಭವಾಗಿ ಸಿಗುತ್ತದೆ. ಎರಡಕ್ಕೂ ಕೊಡುವುದು ಅದೇ ಎಂಟಾಣೆ. ಯಾವುದು ಮೊದಲು ಸಾಯುತ್ತದೆ? ಬೊಂಬಾಯಿಯಲ್ಲೂ ಅದೇ ಆಯಿತು. ದುಡ್ಡಿನ ಆಸೆಗೆ ಮನೆಗಳ ಆವರಣಕ್ಕೆ ನುಗ್ಗಿ ಸಾಕಿದ ನಾಯಿಗಳನ್ನೂ ಎಳೆದು ಕೊಲ್ಲುತ್ತಿದ್ದಾರೆ ಅನ್ನುವುದು ಜನರ ದೂರು.

ಇಲ್ಲಿ ನನಗೆ ನಮ್ಮಜ್ಜಿಯ ನೆನಪು ಬರುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮೂರಿಗೂ ವರ್ಷಕ್ಕೊಮ್ಮೆ ನಾಯಿ ಹಿಡಿಯುವವರು ಬರುತ್ತಿದ್ದರು. ಕೊರಳಲ್ಲಿ ಪಟ್ಟಿ ಇದ್ದರೆ ಮನೆ ನಾಯಿ, ಇಲ್ಲದಿದ್ದರೆ ಬೀದಿದು, ಇಷ್ಟೇ ಲೆಕ್ಕ. ನಮ್ಮ ಕೇರಿಯಲ್ಲಿ ಒಂದು ಕಂದು ಹೆಣ್ಣುನಾಯಿ ಇತ್ತು. ಅದಕ್ಕೆ ಯಜಮಾನ ಅಂತ ಯಾರೂ ಇರಲಿಲ್ಲ. ನಾಲ್ಕು ಮನೆಯವರು ಅನ್ನ ಹಾಕುತ್ತಿದ್ದರು, ರಾತ್ರಿ ಅದು ನಾಲ್ಕು ಮನೆಯನ್ನೂ ಕಾಯುತ್ತಿತ್ತು. ಬಂಡಿಯವರು ಬಂದರು ಅಂತ ಗೊತ್ತಾದ ತಕ್ಷಣ ಅಜ್ಜಿ ತನ್ನ ಹಳೇ ಇಳಕಲ್ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದರು. ಅದನ್ನು ನಾಯಿಯ ಕೊರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. "ಇದು ನಮ್ದು ಕಣಪ್ಪ" ಅಂತ ಬಾಗಿಲಲ್ಲೇ ನಿಂತುಬಿಟ್ಟರು. ಕೆಂಪು ಅಂಚಿನ ಆ ಚೂರು ಬಟ್ಟೆ ಮಾಸಿ ಹರಿದು ಬೀಳುವ ತನಕ ಅದರ ಕೊರಳಲ್ಲೇ ಇತ್ತು.

ನಮ್ಮ ದೇಶದ ಕೇರಿಗಳಲ್ಲಿ "ಬೀದಿನಾಯಿ" ಮತ್ತು "ಮನೆ ನಾಯಿ" ನಡುವೆ ಇರುವ ಗೆರೆ ಅಷ್ಟು ತೆಳ್ಳಗೆ. ಇಂಗ್ಲಿಷರ ನಿಯಮಕ್ಕೆ ಆ ಗೆರೆ ದಪ್ಪವಾಗಿ ಬೇಕಿತ್ತು. ಯಜಮಾನನಿಲ್ಲದ ನಾಯಿಯನ್ನು ಅವರು ಪರಯಾ ನಾಯಿ ಅಂತ ಕರೆದರು. ಮನುಷ್ಯರನ್ನು ಹೊರಗಿಡಲು ಬಳಸುತ್ತಿದ್ದ ಒಂದು ಜಾತಿಯ ಹೆಸರನ್ನೇ ತಂದು ನಾಯಿಗೆ ಕಟ್ಟಿದರು. ಆ ಪದ ಬರೆಯುವಾಗ ಈಗಲೂ ನನ್ನ ಕೈ ಹಿಂಜರಿಯುತ್ತದೆ.

ಪಾರ್ಸಿ ಕೇರಿಯಲ್ಲಿ ಈ ಗೆರೆ ಇನ್ನೂ ತೆಳ್ಳಗಿತ್ತು. ಅವರ ಧರ್ಮದಲ್ಲಿ ನಾಯಿಗೆ ದೊಡ್ಡ ಜಾಗ ಇದೆ. ವೆಂದಿದಾದ್ ಅನ್ನುವ ಅವರ ಧರ್ಮಗ್ರಂಥದಲ್ಲಿ ನಾಯಿಗೆ ಕೆಟ್ಟ ಊಟ ಹಾಕಿದವನಿಗೂ, ಹೊಡೆದವನಿಗೂ ಶಿಕ್ಷೆ ಹೇಳಿದೆ. ಸತ್ತವರ ಆತ್ಮ ದಾಟಬೇಕಾದ ಚಿನ್ವತ್ ಸೇತುವೆಯನ್ನು ನಾಯಿಗಳು ಕಾಯುತ್ತವೆ ಎಂದು ನಂಬಿಕೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸಗ್‌ದೀದ್ ಅಂತ ಒಂದು ವಿಧಿ ಇದೆ. ಹೆಣದ ಹತ್ತಿರಕ್ಕೆ ನಾಯಿಯನ್ನು ಕರೆತರುತ್ತಾರೆ. ಅದು ಮುಖ ನೋಡಬೇಕು. ಎರಡು ಕಣ್ಣಿನ ಮೇಲೆ ಎರಡು ಮಚ್ಚೆ ಇರುವ ನಾಯಿಯಾದರೆ ಶ್ರೇಷ್ಠ, ಅದನ್ನು ನಾಲ್ಕು ಕಣ್ಣಿನ ನಾಯಿ ಅನ್ನುತ್ತಾರೆ. ಅದಾದ ಮೇಲೇ ಹೆಣವನ್ನು ದಖ್ಮಾಕ್ಕೆ, ಅಂದರೆ ಶವ ಇರಿಸುವ ಗೋಪುರಕ್ಕೆ, ಒಯ್ಯುವುದು.

ಆ ಜನರ ಕಣ್ಣಿಂದ ಒಮ್ಮೆ ನೋಡಿ. ಅಪ್ಪ ತೀರಿಕೊಂಡಾಗ ಬಂದು ಮುಖ ನೋಡಿ ಹೋದ ನಾಯಿ ಅದು. ಬೀದಿಯಲ್ಲೇ ಇರುತ್ತದೆ, ಕೊರಳಲ್ಲಿ ಪಟ್ಟಿ ಇಲ್ಲ. ಊಟದ ಹೊತ್ತಿಗೆ ನಾಯಿಗೆ ಅಂತ ಒಂದು ತುತ್ತು ಎತ್ತಿಡುವ ರೂಢಿಯೂ ಆ ಮನೆಗಳಲ್ಲಿತ್ತು. ನಮ್ಮಲ್ಲಿ ಕಾಗೆಗೆ ಪಿಂಡದ ತುತ್ತು ಇಡುತ್ತೇವಲ್ಲ, ಅದು ಬಂದು ಮುಟ್ಟುವ ತನಕ ಮನೆಯವರ ಜೀವ ಹೇಗೆ ತಳಮಳಿಸುತ್ತದೋ ನೆನಪಿಸಿಕೊಳ್ಳಿ. ಆಗ ಆ ನಾಯಿ ಯಾವ ಬಗೆಯ ಸಂಬಂಧದಲ್ಲಿತ್ತು ಅನ್ನುವುದು ಸ್ವಲ್ಪ ಗೊತ್ತಾಗುತ್ತದೆ.

ಜೂನ್ 6, ಬುಧವಾರ. ಮಳೆಗಾಲದ ಹೊಸ್ತಿಲು. ಆ ದಿನ ಪಾರ್ಸಿಗಳಿಗೆ ಪವಿತ್ರ ದಿನವೂ ಆಗಿತ್ತು. ಇಬ್ಬರು ಕಾನ್‌ಸ್ಟೇಬಲ್‌ಗಳು ಕೋಟೆಯೊಳಗೆ ನಾಯಿ ಕೊಲ್ಲುವ ಕೆಲಸದಲ್ಲಿದ್ದರು. ಗುಂಪು ಸೇರಿತು. ಹೆಚ್ಚಿನವರು ಪಾರ್ಸಿಗಳು, ಜೊತೆಗೆ ಹಿಂದೂಗಳೂ ಇದ್ದರು. ಕಾನ್‌ಸ್ಟೇಬಲ್‌ಗಳಿಗೆ ಚೆನ್ನಾಗಿಯೇ ಏಟು ಬಿತ್ತು. ಅಲ್ಲಿಗೇ ಮುಗಿದಿದ್ದರೆ ಇದು ಪೆಟಿ ಸೆಷನ್ಸ್‌ನ ಒಂದು ಹೊಡೆದಾಟದ ಕೇಸಾಗಿ ಹೋಗುತ್ತಿತ್ತು.

ಮಾರನೇ ಬೆಳಿಗ್ಗೆ ನಡೆದದ್ದು ಬೇರೆಯೇ ತೂಕದ್ದು. ಅಂಗಡಿಗಳು ತೆರೆಯಲೇ ಇಲ್ಲ. ಗುಜರಾತಿನ ವ್ಯಾಪಾರಿಗಳು ಹರತಾಳ ಅನ್ನುತ್ತಿದ್ದ ಪದ್ಧತಿ ಇದು. ದೊರೆಯ ಮೇಲೆ ಮುನಿಸು ಬಂದರೆ ಅಂಗಡಿ ಮುಚ್ಚಿ ಕೂರುವುದು. ಸೂರತ್ತಿನಿಂದ ಬಂದವರಿಗೆ ಇದು ತಾತ ಮುತ್ತಾತರ ಕಾಲದ ಹತಾರ. ಆದರೆ ಈ ಸಲ ಬರೀ ಕೂತಿರಲಿಲ್ಲ. ಮುನ್ನೂರು ಜನರಷ್ಟು ಗುಂಪು ಬೀದಿ ಸುತ್ತುತ್ತಾ, ವ್ಯಾಪಾರಕ್ಕೆ ಕೈಹಾಕಿದವರನ್ನು ಹೆದರಿಸಿ ಒಳಗೆ ಕಳಿಸುತ್ತಿತ್ತು. ಕೋಟೆಯೊಳಗಿನ ಹಳೇ ಗಡವಾದ ಕ್ಯಾಸಲ್‌ನಲ್ಲಿ ಪಹರೆಗಿದ್ದ ಕ್ವೀನ್ಸ್ ರಾಯಲ್ಸ್ ಅನ್ನುವ ಬ್ರಿಟಿಷ್ ಪಡೆಗೆ ಹೋಗುತ್ತಿದ್ದ ಆಹಾರ ಸಾಮಾನನ್ನು ಹಾಳುಮಾಡಿದರು. ಕೊಲಾಬಾ ಕಡೆಗೆ, ಬಂದರಿನ ಹಡಗುಗಳಿಗೆ ಅನ್ನ ನೀರು ಎರಡನ್ನೂ ತಡೆದರು.

ಈ ಒಂದು ವಿವರದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೊಲಾಬಾ ಆಗ ಬೇರೆ ದ್ವೀಪದಂತಿತ್ತು, ಅಲ್ಲಿಗೆ ಕಾಸ್‌ವೇ, ಅಂದರೆ ನೀರಿನ ನಡುವೆ ಎತ್ತರಿಸಿದ ರಸ್ತೆ, ಕಟ್ಟಿ ಮುಗಿದದ್ದು 1838ರಲ್ಲಿ. ಬೇಕಾದದ್ದೆಲ್ಲ ಊರಿನಿಂದಲೇ ಹೋಗಬೇಕು. ಊರಿನಿಂದ ಕಳಿಸುವವರು ಯಾರು? ಬೊಂಬಾಯಿಯಲ್ಲಿ ಇಂಗ್ಲಿಷರಿಗೆ ಸರಬರಾಜು, ಹಡಗಿನ ಸಾಮಾನು, ದಲ್ಲಾಳಿತನ, ಇವುಗಳಲ್ಲಿ ಬಹುಪಾಲು ಪಾರ್ಸಿಗಳ ಕೈಯಲ್ಲಿತ್ತು. ಹಡಗು ಕಟ್ಟುವವರೂ ಅವರೇ. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜೀ ವಾಡಿಯಾ ಅವರ ವಂಶದವರು ಬೊಂಬಾಯಿ ಹಡಗುಕಟ್ಟೆಯನ್ನು ತಲೆಮಾರುಗಳಿಂದ ನಡೆಸುತ್ತಿದ್ದರು. ಇಂಗ್ಲಿಷರಿಗೆ ಎಲ್ಲರಿಗಿಂತ ಹತ್ತಿರದವರು ಅನಿಸಿಕೊಂಡ ಸಮುದಾಯವಿದು. ಆ ಕೈ ಒಂದು ಬೆಳಿಗ್ಗೆ ಹಿಂದೆ ಸರಿದರೆ ದೊರೆಯ ಸೈನಿಕನಿಗೆ ತಿಂಡಿ ಇಲ್ಲ. ಅದು ಎರಡೂ ಕಡೆಯವರಿಗೆ ಆ ಗುರುವಾರ ಗೊತ್ತಾಯಿತು. ಆಮೇಲೆ ಪೊಲೀಸರ ಕಡೆಯಿಂದ ಬಂದ ಬರಹಗಳಲ್ಲಿ ಆ ಗುಂಪನ್ನು ಪುಂಡರು ಎಂದೇ ಕರೆದಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೆದರಿಸಿದ್ದು, ಹೊಡೆದದ್ದು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಬರೀ ಪುಂಡರಿಗೆ ಕೊಲಾಬಾದ ಆಹಾರ, ಹಡಗಿನ ನೀರು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಹಿಡಿದರೆ ನಿಲ್ಲುತ್ತದೆ ಅನ್ನುವುದು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಿಲ್ಲ. ಆ ದಾರಿಯಲ್ಲಿ ದಿನಾ ಓಡಾಡುವ ದುಡಿಮೆಗಾರರು ಆ ಗುಂಪಿನಲ್ಲಿ ಇದ್ದಿರಬೇಕು.

ಹಿರಿಯ ಮ್ಯಾಜಿಸ್ಟ್ರೇಟ್ ಡಿ ವಿಟ್ರೆ ಸೈನ್ಯದ ನೆರವು ಕೇಳಿದರು. ಸೈನಿಕರು ಬಂದ ಮೇಲೆ ಗುಂಪು ಬೇಗ ಚದುರಿತು. ಹಿಡಿದವರನ್ನು ಕೋರ್ಟಿಗೆ ಒಯ್ದರು, ಕೆಲವರಿಗೆ ಶಿಕ್ಷೆಯೂ ಆಯಿತು.

ಇಲ್ಲಿ ಪ್ರಕರಣ ಎರಡು ದಾರಿಯಾಗಿ ಒಡೆಯುತ್ತದೆ. ಒಂದು ಕೋರ್ಟಿನ ದಾರಿ. ಅಲ್ಲಿ ಪ್ರಶ್ನೆ ಸರಳ: ಕಾನ್‌ಸ್ಟೇಬಲ್‌ಗೆ ಹೊಡೆದವರು ಯಾರು, ಗುಂಪಿನಲ್ಲಿ ಇದ್ದವರು ಯಾರು? ಮನೆಯ ಆವರಣಕ್ಕೆ ನುಗ್ಗಿ ನಾಯಿ ಕೊಂದ ಬಗ್ಗೆ ಜನ ದೂರುತ್ತಿದ್ದರಲ್ಲ, ಅದು ಅಪರಾಧವಾಗಿ ಆ ಕಟಕಟೆಗೆ ಬರಲಿಲ್ಲ. ಇನ್ನೊಬ್ಬರ ಅಂಗಳದಿಂದ ಒಂದು ಕೋಳಿ ಎತ್ತಿಕೊಂಡು ಹೋದ ಬಡವನಿಗೆ ಅದೇ ಊರಿನಲ್ಲಿ ಚಡಿಯೇಟು ಬೀಳಬಹುದಿತ್ತು. ನಾಯಿ ಕೊಂದವನಿಗೆ ಸಿಕ್ಕಿದ್ದು ಎಂಟಾಣೆ.

ಇನ್ನೊಂದು ಅರ್ಜಿಯ ದಾರಿ. ಅದರಲ್ಲಿ ಮುಂದೆ ನಿಂತವರು ಜಮ್‌ಶೇಟ್‌ಜೀ ಜೀಜೀಭಾಯಿ. ಆಗ ಅವರಿಗೆ ಐವತ್ತರ ಹತ್ತಿರದ ವಯಸ್ಸು. ಬಡತನದಿಂದ ಬಂದು ಚೀನಾ ವ್ಯಾಪಾರದಲ್ಲಿ, ಅದರಲ್ಲೂ ಅಫೀಮಿನಲ್ಲಿ, ಅಪಾರ ದುಡ್ಡು ಮಾಡಿದವರು. ಅವರ ದಾನಧರ್ಮದ ಹೆಸರು ಇವತ್ತಿಗೂ ಮುಂಬೈಯ ಜೆಜೆ ಆಸ್ಪತ್ರೆಯಲ್ಲಿ ಉಳಿದಿದೆ. ಆ ದುಡ್ಡಿನ ಹಿಂದೆ ಚೀನಾದ ಎಷ್ಟೋ ಮನೆಗಳ ಕಣ್ಣೀರಿದೆ ಎನ್ನುವುದನ್ನೂ ನಾನು ಮರೆಯಲಾರೆ. ಅವರೂ ಉಳಿದ ದೊಡ್ಡ ಸೇಠರೂ ನಾಜೂಕಾದ ಜಾಗದಲ್ಲಿದ್ದರು. ಗಲಭೆ ಮಾಡಿದವರ ಪರ ನಿಂತರೆ ಸರಕಾರದ ಮುಂದೆ ಮುಖ ಕೆಡುತ್ತದೆ. ನಿಲ್ಲದಿದ್ದರೆ ಕೇರಿಯಲ್ಲಿ ತಲೆ ಎತ್ತುವಂತಿಲ್ಲ. ಅವರು ಗಲಭೆಯಿಂದ ದೂರ ನಿಂತರು, ಆದರೆ ಅದಕ್ಕೆ ಕಾರಣವಾದ ನೋವು ನಿಜವೆಂದು ಸರಕಾರಕ್ಕೆ ಬರೆದರು. ಸಿಕ್ಕಿಬಿದ್ದವರ ಬಗ್ಗೆ ದಯೆ ತೋರಿಸಿ ಎಂದು ಕೇಳಿದರು. ನಾಯಿಗಳನ್ನು ಕೊಲ್ಲುವ ಬದಲು ಹಿಡಿದು ಊರಾಚೆ ಸಾಗಿಸಿ ಎನ್ನುವುದು ಅವರ ಕಡೆಯಿಂದ ಬಂದ ಪರಿಹಾರ. ಸರಕಾರ ಆ ದಾರಿಗೆ ಒಪ್ಪಿತು.

ಸೇಠರು ಜಾಣತನ ಮಾಡಿದರು ಅಂತ ಕೆಲವರು ಹೇಳಬಹುದು. ಏಟು ತಿಂದವರು, ಜೈಲು ಕಂಡವರು ಸಣ್ಣ ಮನುಷ್ಯರು. ಹೆಸರು ಬಂದದ್ದು ದೊಡ್ಡವರಿಗೆ. ಅದರಲ್ಲಿ ಸತ್ಯ ಇದೆ. ಆ ಬುಧವಾರ ಬೀದಿಗೆ ಬಂದವರಲ್ಲಿ ಒಬ್ಬರ ಮುಖವನ್ನಾದರೂ ನಾವು ಇವತ್ತು ಕಾಣಲಾರೆವು ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದರೂ ಆ ಅರ್ಜಿಯನ್ನು ನಾನು ಹಗುರವಾಗಿ ನೋಡಲಾರೆ. ಹುಚ್ಚುನಾಯಿಯ ಭಯ ಸುಳ್ಳು ಅಂತ ಅದರಲ್ಲಿ ವಾದ ಮಾಡಲಿಲ್ಲ. ನಿಮ್ಮ ಭಯವೂ ಉಳಿಯದಿರಲಿ, ನಮ್ಮ ನಾಯಿಯೂ ಸಾಯದಿರಲಿ ಅನ್ನುವ ದಾರಿ ಹುಡುಕಿದರು. ಮುಖ್ಯವಾಗಿ, ಕೊಂದ ನಾಯಿಗೆ ದುಡ್ಡು ಎಣಿಸುವ ಲೆಕ್ಕವನ್ನು ಅದು ಮುರಿಯಿತು. ಸಾಗಿಸುವ ನಾಯಿ ಜೀವಂತ ಇರಬೇಕು. ಜೀವಂತ ಇದ್ದರೆ ಯಜಮಾನ ಬಂದು "ಇದು ನಮ್ದು" ಅಂತ ಕೇಳಿ ಬಿಡಿಸಿಕೊಳ್ಳುವುದಕ್ಕೆ ಒಂದು ಅವಕಾಶ ಉಳಿಯುತ್ತದೆ.

ಗಲಭೆಯಾಗಿ ಎರಡು ತಿಂಗಳ ಮೇಲೆ, 1832ರ ಆಗಸ್ಟ್‌ನಲ್ಲಿ, ಲಂಡನ್ನಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಕ್ರೈಸ್ತರಲ್ಲದ ಭಾರತೀಯರೂ ಬೊಂಬಾಯಿ, ಮದರಾಸು, ಕಲ್ಕತ್ತೆಗಳಲ್ಲಿ ಜಸ್ಟಿಸ್ ಆಫ್ ದಿ ಪೀಸ್, ಅಂದರೆ ಮ್ಯಾಜಿಸ್ಟ್ರೇಟರ ಅಧಿಕಾರದ ಹುದ್ದೆಯವರು, ಆಗಬಹುದು, ಆರೋಪ ವಿಚಾರಣೆಗೆ ಹೋಗಬೇಕೇ ಎಂದು ನಿರ್ಧರಿಸುವ ಗ್ರ್ಯಾಂಡ್ ಜ್ಯೂರಿಯಲ್ಲಿ ಕೂರಬಹುದು ಅಂತ. ಗಲಭೆಗೂ ಇದಕ್ಕೂ ನೇರ ಸಂಬಂಧ ಇಲ್ಲ, ಅದಕ್ಕಾಗಿ ಪ್ರಯತ್ನ ಮೊದಲಿನಿಂದಲೇ ನಡೆದಿತ್ತು. 1834ರಲ್ಲಿ ಜಮ್‌ಶೇಟ್‌ಜೀ ಬೊಂಬಾಯಿಯ ಜಸ್ಟಿಸ್ ಆಫ್ ದಿ ಪೀಸ್ ಆದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರೂ ಜೈನ ವ್ಯಾಪಾರಿ ಸೇಠ್ ಮೋತಿಷಾ ಅವರೂ ಸೇರಿ ಭುಲೇಶ್ವರದಲ್ಲಿ ಪಾಂಜರಾಪೋಳ ತೆರೆದರು. ದಿಕ್ಕಿಲ್ಲದ ಪ್ರಾಣಿಗಳಿಗೆ ಒಂದು ಆಸರೆ. ಬೀದಿಗಳಲ್ಲಿ ನಾಯಿ ಕೊಲ್ಲುತ್ತಿದ್ದದ್ದೇ ಅದು ಹುಟ್ಟಲು ಒಂದು ಕಾರಣ. ಸುತ್ತ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ಗಿಜಿಗಿಜಿ, ನಡುವೆ ದೊಡ್ಡ ಅಂಗಳ. ಸುಮಾರು ಇನ್ನೂರು ವರ್ಷವಾಗುತ್ತಾ ಬಂದರೂ ಅದು ಅಲ್ಲೇ ಇದೆ. ಈಗಲೂ ಜನ ಬಂದು ಬಾಗಿಲಲ್ಲಿ ಹುಲ್ಲು ಕೊಂಡು ಒಳಗಿನ ಹಸುಗಳಿಗೆ ತಿನ್ನಿಸಿ ಹೋಗುತ್ತಾರೆ.